192 ಪುಟಕ್ಕೆ ತಿಂಗಳ ಬಾಡಿಗೆ: ಮನೆಯಲ್ಲೇ ಪುಸ್ತಕ ಜೋಡಿಸಿದ ಒಂದು ಪ್ರಕರಣ

ಮಲೆನಾಡಿನ ಒಂದು ಹಳ್ಳಿಯ ನಿವೃತ್ತ ಹೈಸ್ಕೂಲು ಮೇಷ್ಟ್ರು ಇಪ್ಪತ್ತು ವರ್ಷದಿಂದ ತಮ್ಮ ಸೀಮೆಯ ಹಾಡು, ಊರಿನ ಇತಿಹಾಸ, ಹಳೆಯ ಮನೆತನಗಳ ಕತೆ ಬರೆದಿಟ್ಟುಕೊಂಡು ಬಂದವರು. ಸೋಬಾನೆ ಪದಗಳಿದ್ದವು, ದೀಪಾವಳಿಯ ರಾತ್ರಿ ಮನೆಮನೆಗೆ ಜ್ಯೋತಿ ಹೊತ್ತು ಬರುವ ಅಂಟಿಕೆ-ಪಂಟಿಕೆಯವರ ಪದಗಳಿದ್ದವು. ಎಲ್ಲವನ್ನೂ ಸೇರಿಸಿ 500 ಪ್ರತಿ ಅಚ್ಚು ಹಾಕಿಸಬೇಕು, ಮಾರಾಟಕ್ಕಲ್ಲ, ಊರವರಿಗೂ ನೆಂಟರಿಗೂ ಹಂಚಲು ಎಂಬುದು ಆಸೆ. ಅಚ್ಚಿನ ಖರ್ಚಿಗೆ ದುಡ್ಡು ಎತ್ತಿಟ್ಟಿದ್ದರು. ಅಚ್ಚಿಗೆ ಮೊದಲಿನ ಕೆಲಸಕ್ಕೆ, ಅಂದರೆ ಪುಟ ಜೋಡಿಸುವ ತಂತ್ರಾಂಶಕ್ಕೆ, ಎಷ್ಟು ಬೇಕೆಂಬ ಅಂದಾಜೇ ಇರಲಿಲ್ಲ. ಈ ಪ್ರಕರಣದ ವಿಷಯ ಅದೇ. ಹೆಸರು, ಊರು, ಅಂಗಡಿ, ಮುದ್ರಣಾಲಯ ಯಾವುದನ್ನೂ ಇಲ್ಲಿ ಹೇಳಿಲ್ಲ.

ಕೈಯಲ್ಲಿದ್ದ ಸಾಮಗ್ರಿ ಇಷ್ಟು: 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಕನ್ನಡ ಟೈಪ್ ಮಾಡುವ ತಂತ್ರಾಂಶ ‘ನುಡಿ’ಯಲ್ಲಿ ಸಿದ್ಧವಾದ 31 ಕಡತಗಳು, ಟ್ರಂಕಿನಲ್ಲಿದ್ದ 46 ಕಪ್ಪು-ಬಿಳುಪು ಫೋಟೊಗಳು. ಕೆಲಸಕ್ಕೆ ದಿನಕ್ಕೆ ಒಂದು ತಾಸು ಸಿಗುತ್ತಿತ್ತು. ಅಡಿಕೆ ಕೊಯ್ಲು ಶುರುವಾದರೆ ಅದೂ ಇಲ್ಲ. ಈ ಕೊನೆಯ ಸಂಗತಿ ಮುಂದೆ ಎಲ್ಲ ಲೆಕ್ಕವನ್ನೂ ತಿರುಗಿಸಿತು, ಆದರೆ ಆರಂಭದಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಮಸ್ಯೆ ಎಲ್ಲಿತ್ತು

ಮೊದಲು ವಿಚಾರಿಸಿದ್ದು ಪೇಟೆಯ ಡಿಟಿಪಿ ಕೇಂದ್ರದಲ್ಲಿ. ಪುಟಕ್ಕೆ 40 ರೂಪಾಯಿ, ಎರಡು ಸುತ್ತಿನ ಕರಡು ತಿದ್ದುಪಡಿ ಸೇರಿ. 192 ಪುಟಕ್ಕೆ 7,680 ರೂಪಾಯಿ. ದರ ನ್ಯಾಯವಾಗಿಯೇ ಇತ್ತು. ಆದರೆ ಕೆಲಸ ಮುಗಿದ ಮೇಲೆ ಕೈಗೆ ಸಿಗುವುದು ಪಿಡಿಎಫ್ ಮಾತ್ರ. ಮೂಲ ಕಡತ ಕೊಟ್ಟರೂ ಅದು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ್ದು. 2001ರಲ್ಲಿ ಬಂದ 7.0 ಅದರ ಕಟ್ಟಕಡೆಯ ಆವೃತ್ತಿ, ಅದಕ್ಕೆ ಯುನಿಕೋಡ್ ಕನ್ನಡ, ಅಂದರೆ ಈಗಿನ ಎಲ್ಲ ಗಣಕ, ಮೊಬೈಲುಗಳೂ ಗುರುತಿಸುವ ಅಕ್ಷರಸಂಕೇತ, ತಿಳಿಯದು. ನಮ್ಮಲ್ಲಿ ಎಷ್ಟೋ ಕೇಂದ್ರಗಳು ಇಂದಿಗೂ ಅದರಲ್ಲೇ ಕೆಲಸ ಮಾಡಲು ಕಾರಣ ಹಟವಲ್ಲ. ಹಳೆಯ ಫಾಂಟುಗಳು, ಕೈಗೆ ಕೂತ ವೇಗ, ದಶಕಗಳ ಕಡತಗಳು. ಆದರೆ ಮೇಷ್ಟ್ರಿಗೆ ಬೇಕಿದ್ದುದು ಹುಡುಕಬಹುದಾದ, ಮೊಬೈಲಿನಲ್ಲಿ ಓದಬಹುದಾದ ಪಠ್ಯ. ಮೊಮ್ಮಗಳು ಅಮೆರಿಕದಲ್ಲಿದ್ದಳು.

ಅವರ ಕಡತಗಳೂ ಅದೇ ಹಳೆಯ ಕಟ್ಟಿನಲ್ಲಿದ್ದವು. ಕನ್ನಡ ಗಣಕ ಪರಿಷತ್ತು ರೂಪಿಸಿ ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ ‘ನುಡಿ’ ಆ ಕಾಲಕ್ಕೆ ದೊಡ್ಡ ಉಪಕಾರ. ಆದರೆ ಅದರ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಗಣಕದೊಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ, ರೋಮನ್ ಅಕ್ಷರಗಳೂ ಚಿಹ್ನೆಗಳೂ. ಫಾಂಟು ತೆಗೆದುಬಿಟ್ಟರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ಹಣದ ಚಿಹ್ನೆ ಎದ್ದು ನಿಲ್ಲುತ್ತದೆ.

ಮೊದಲ ದಾರಿ: ಎಂಟುನೂರು ರೂಪಾಯಿಗೆ ಎಲ್ಲವೂ

2023ರ ಮಧ್ಯದಲ್ಲಿ ಒಂದು ಗಣಕ ಅಂಗಡಿಯಲ್ಲಿ 800 ರೂಪಾಯಿಗೆ ಪುಟವಿನ್ಯಾಸ, ಚಿತ್ರ ಸಂಪಾದನೆ, ರೇಖಾಚಿತ್ರ ಎಲ್ಲದರ ತಂತ್ರಾಂಶವನ್ನೂ ಹಾಕಿಸಿಕೊಂಡರು. ಎಲ್ಲವೂ ಕಳ್ಳಪ್ರತಿ. ಹಾಕುವಾಗ ಆಂಟಿವೈರಸ್ ನಿಲ್ಲಿಸಬೇಕಾಯಿತು, ಪರವಾನಗಿ ಮುರಿಯುವ ಪುಟ್ಟ ಪ್ರೋಗ್ರಾಮಿಗೆ ಆಡಳಿತಗಾರನ ಪೂರ್ಣ ಅನುಮತಿ ಕೊಡಬೇಕಾಯಿತು. ಮನೆಯ ಬಾಗಿಲು ತೆಗೆದು, ನಾಯಿಯನ್ನೂ ಕಟ್ಟಿಹಾಕಿ, ಅಪರಿಚಿತನನ್ನು ಒಳಗೆ ಕರೆದ ಹಾಗೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಯಾವ ಕಡತವೂ ತೆರೆಯಲಿಲ್ಲ. ಪ್ರತಿ ಹೆಸರಿನ ತುದಿಗೂ ನಾಲ್ಕಕ್ಷರದ ಹೊಸ ಬಾಲ, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಒಂದು ಚೀಟಿ. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ಒತ್ತೆಹಣದ ಕುತಂತ್ರಾಂಶದ ಕುಟುಂಬ ಅದು. ಅದು ಹರಡುವ ಮುಖ್ಯ ದಾರಿಯೇ ಇಂಥ ಪರವಾನಗಿ ಮುರುಕಗಳು. ಮನೆ ಬಳಕೆದಾರರೇ ಅದರ ಗುರಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಉಚಿತ ಬಿಡಿಸುವ ಸಾಧನಗಳಿವೆ. ಈ ಕುಟುಂಬಕ್ಕೂ ಇದೆ. ಆದರೆ ದಾಳಿಯ ಹೊತ್ತಿಗೆ ಗಣಕ ಇಂಟರ್ನೆಟ್ಟಿಗೆ ಸಂಪರ್ಕವಿದ್ದು, ಆ ಗಣಕಕ್ಕೇ ಪ್ರತ್ಯೇಕ ಬೀಗದ ಕೀ ತಯಾರಾಗಿದ್ದರೆ ಅದು ಕೆಲಸ ಮಾಡದು. ಇಲ್ಲಿ ಆದದ್ದು ಹಾಗೆಯೇ.

31 ಕಡತಗಳಲ್ಲಿ 24 ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಸಿಕ್ಕವು. ಮಗನಿಗೆ ಎಂದೋ ಕಳಿಸಿದ್ದ ಮಿಂಚಂಚೆಗಳಲ್ಲಿ ಇನ್ನು 3. ಉಳಿದ ನಾಲ್ಕನ್ನು ಪ್ರಿಂಟ್ ತೆಗೆದಿಟ್ಟಿದ್ದ 38 ಹಾಳೆ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕಾಯಿತು. ಹಾಡಿದ ಅಜ್ಜಿಯರಲ್ಲಿ ಕೆಲವರು ಆ ವೇಳೆಗೆ ತೀರಿಕೊಂಡಿದ್ದರು. ಆ 38 ಹಾಳೆಯೂ ಇಲ್ಲದಿದ್ದರೆ ಆ ಪದಗಳು ಹೋಗಿಯೇಬಿಡುತ್ತಿದ್ದವು. 800 ರೂಪಾಯಿಯ ಎದುರು ಪಣಕ್ಕಿಟ್ಟಿದ್ದು ಅದನ್ನು.

ಕಾನೂನಿನ ಮಾತೂ ಇಲ್ಲಿ ಹೇಳಬೇಕು, ಏಕೆಂದರೆ ‘ಮನೆ ಬಳಕೆಗಾದರೆ ಪರವಾಗಿಲ್ಲ’ ಎಂಬ ನಂಬಿಕೆ ಬಲವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಕಳ್ಳಪ್ರತಿ ತಂತ್ರಾಂಶ ಬಳಸುವುದು ಅಪರಾಧ: 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಬಳಕೆ ಲಾಭಕ್ಕಾಗಲೀ ವ್ಯಾಪಾರಕ್ಕಾಗಲೀ ಅಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡ ವಿಧಿಸಬಹುದು. ಮನೆ ಬಳಕೆಗೆ ಶಿಕ್ಷೆ ಕಡಿಮೆಯಾಗಬಹುದು, ಅಪರಾಧ ಇಲ್ಲವಾಗುವುದಿಲ್ಲ.

ಎರಡನೆಯ ದಾರಿ: ಬಾಡಿಗೆ

ಗಣಕಕ್ಕೆ 500 ರೂಪಾಯಿ ಕೊಟ್ಟು ಹೊಸದಾಗಿ ವಿಂಡೋಸ್ ಹಾಕಿಸಿ, ಮಗನ ಸಲಹೆಯಂತೆ ಅಡೋಬಿ ಕಂಪನಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ನೋಡಿದರು. ಅಡೋಬಿ 2012ರ ಸಿಎಸ್6 ಎಂಬ ಆವೃತ್ತಿ ಆದ ಮೇಲೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿ ಬಿಟ್ಟು, 2013ರಲ್ಲಿ ಚಂದಾ ಪದ್ಧತಿಗೆ ಹೊರಳಿತು. ಆಗ ಒಂದು ತಂತ್ರಾಂಶಕ್ಕೆ, ವರ್ಷದ ಒಪ್ಪಂದದ ಮೇಲೆ, 18% ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 1,675 ರೂಪಾಯಿ. ಅಧ್ಯಾಪಕರಿಗೆ ರಿಯಾಯಿತಿ ಉಂಟು, ಆದರೆ ಹಾಲಿ ಸೇವೆಯಲ್ಲಿರುವವರಿಗೆ; ನಿವೃತ್ತರಿಗಲ್ಲ.

ಏಳು ದಿನದ ಉಚಿತ ಪ್ರಯೋಗದಲ್ಲಿ ಮೊದಲ ದಿನವೇ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ದೋಷ ತಂತ್ರಾಂಶದ್ದಲ್ಲ. ಪ್ಯಾರಾಗ್ರಾಫ್ ಪಟ್ಟಿಯ ಮೆನುವಿನಲ್ಲಿ ಸಾಲು ಜೋಡಿಸುವ ಸಾಮಾನ್ಯ ಕಂಪೋಸರ್ ಬದಲು ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಆರಿಸಿದ ಮೇಲೆ ಕನ್ನಡ ಸೊಗಸಾಗಿ ಕೂತಿತು. ಆದರೆ ಈಚಿನ ಆವೃತ್ತಿಗಳು ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತವೆ. 4 ಜಿಬಿಯಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಫಿ ಆರುತ್ತಿತ್ತು.

ಕಾರ್ಡಿನ ಅಂಕಿ ಒತ್ತುವ ಮೊದಲು ಮಗ ಕಾಗದದ ಮೇಲೆ ಲೆಕ್ಕ ಹಾಕಿದ. ಪ್ರಕರಣದ ಮೊದಲ ತಿರುವು ಇದು. ದಿನವಿಡೀ ಇದೇ ಕೆಲಸ ಮಾಡುವ ವಿನ್ಯಾಸಕಾರ ತಿಂಗಳಿಗೆ 150 ತಾಸು ಬಳಸಿದರೆ ತಾಸಿಗೆ 11 ರೂಪಾಯಿ ಬೀಳುತ್ತದೆ. ಮೇಷ್ಟ್ರ ಕೆಲಸ ಒಟ್ಟು 130 ತಾಸಿನದು ಎಂದು ಅಂದಾಜಿಸಿದರು, ಅದು ಹರಡಿಕೊಂಡಿದ್ದುದು ಹತ್ತು ತಿಂಗಳ ಮೇಲೆ. ವರ್ಷದ ಒಪ್ಪಂದದ 20,100 ರೂಪಾಯಿಯನ್ನು ಭಾಗಿಸಿದರೆ ತಾಸಿಗೆ ಸುಮಾರು 155. ಒಂದೇ ತಂತ್ರಾಂಶ, ಒಂದೇ ದರ, ಆದರೆ ಮನೆಯವನಿಗೆ ಹದಿನಾಲ್ಕು ಪಟ್ಟು ದುಬಾರಿ. ಕೊಯ್ಲಿನ ಎರಡು ತಿಂಗಳು ಲ್ಯಾಪ್‌ಟಾಪ್ ಮುಚ್ಚಿದ್ದರೂ ಮೀಟರು ಓಡುತ್ತಲೇ ಇರುತ್ತದೆ.

ನಡುವೆ ಬಿಟ್ಟರೆ? ‘ವಾರ್ಷಿಕ, ತಿಂಗಳು ತಿಂಗಳು ಪಾವತಿ’ ಎಂಬ ಯೋಜನೆಯಲ್ಲಿ ಮೊದಲ 14 ದಿನ ದಾಟಿದ ಮೇಲೆ ಬಿಟ್ಟರೆ ಉಳಿದ ತಿಂಗಳುಗಳ ಬಾಬ್ತಿನ ಅರ್ಧ ಕಟ್ಟಬೇಕು. ನಾಲ್ಕು ತಿಂಗಳು ಬಳಸಿ ಬಿಟ್ಟರೆ ಕೊಟ್ಟದ್ದು 6,700, ಬಿಟ್ಟಿದ್ದಕ್ಕೆ ಇನ್ನೊಂದು 6,700. ಈ ಷರತ್ತನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳುವುದಿಲ್ಲವೆಂದು ಆರೋಪಿಸಿ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮಲ್ಲಿ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಿಂಗಳು ತಿಂಗಳು ತಾನಾಗಿ ಆಗುವ ಇಂಥ ಪಾವತಿಗೆ ಹಣ ಕಡಿತವಾಗುವ 24 ತಾಸು ಮೊದಲೇ ಸಂದೇಶ ಬರಬೇಕು, ಬೇಡವೆನಿಸಿದರೆ ಆ ಅನುಮತಿಯನ್ನು ಬ್ಯಾಂಕಿನಲ್ಲೇ ರದ್ದು ಮಾಡಬಹುದು. ಒಳ್ಳೆಯ ರಕ್ಷಣೆ. ಆದರೆ ರದ್ದಾಗುವುದು ಹಣ ಹೋಗುವ ದಾರಿ, ಒಪ್ಪಂದವಲ್ಲ.

ಒಪ್ಪಂದವಿಲ್ಲದ ಒಂದು ತಿಂಗಳ ಯೋಜನೆಯೂ ಇದೆ, ದರ ಹೆಚ್ಚು. ಮನೆ ಬಳಕೆದಾರರಿಗೆ ಅನೇಕ ಸಲ ಅದೇ ಸರಿ: ಪಠ್ಯ, ಚಿತ್ರ, ಕರಡು ಎಲ್ಲ ಮುಗಿಸಿಕೊಂಡು, ಜೋಡಣೆಗೆ ಮಾತ್ರ ಒಂದು ತಿಂಗಳು ಬಾಡಿಗೆಗೆ ತೆಗೆದುಕೊಳ್ಳುವುದು. ಮೇಷ್ಟ್ರಿಗೆ ಅದು ಹೊಂದಲಿಲ್ಲ. ಕಲಿಯಲೇ ಒಂದು ತಿಂಗಳು ಬೇಕು. ಮುದ್ರಣಾಲಯದಿಂದ ತಿದ್ದುಪಡಿ ಬರುವ ವೇಳೆಗೆ ಬಾಡಿಗೆ ಮುಗಿದಿರುತ್ತದೆ, ಕಡತ ತೆರೆಯದು. ಹಾಗೆ ಮಾಡುವವರು ಮುಗಿಯುವ ದಿನ ಪಿಡಿಎಫ್ ಜೊತೆಗೆ ಐಡಿಎಂಎಲ್ ರೂಪದಲ್ಲೂ ಉಳಿಸಿಕೊಳ್ಳಬೇಕು. ಅದನ್ನು ಬೇರೆ ತಂತ್ರಾಂಶಗಳು ಅಷ್ಟಿಷ್ಟಾದರೂ ತೆರೆಯುತ್ತವೆ.

ಮೂರನೆಯ ದಾರಿ ಒಂದೇ ಸಂಜೆಯಲ್ಲಿ ಮುಗಿಯಿತು. ಆಗ ಒಮ್ಮೆ ಕೊಂಡರೆ ಸಾಕು ಎಂದು ಮಾರುತ್ತಿದ್ದ ಅಫಿನಿಟಿ ಪಬ್ಲಿಷರ್‌ನ 2ನೇ ಆವೃತ್ತಿಯನ್ನು ಪ್ರಯೋಗಕ್ಕೆ ಹಾಕಿ ಒಂದು ಸಾಲು ಅಂಟಿಸಿದರು: ‘ರಾಷ್ಟ್ರ, ಸ್ತ್ರೀ, ಅರ್ಘ್ಯ, ಪೋಸ್ಟ್‌ಮ್ಯಾನ್, ರ‍್ಯಾಂಕ್’. ಒತ್ತುಗಳು ಅಕ್ಷರದ ಕೆಳಗೆ ಇಳಿಯಲಿಲ್ಲ, ಅರ್ಧಾಕ್ಷರಗಳು ಸಾಲಾಗಿ ನಿಂತವು. ಭಾರತೀಯ ಲಿಪಿಗಳನ್ನು ಜೋಡಿಸುವ ಏರ್ಪಾಡು ಅದರಲ್ಲಿರಲಿಲ್ಲ. ಯಾವ ತಂತ್ರಾಂಶವಾದರೂ ಸರಿ, ದುಡ್ಡು ಕೊಡುವ ಮೊದಲು ಈ ಐದು ಪದ ಅಂಟಿಸಿ ನೋಡಿ. ಐದೂ ಸರಿಯಾಗಿ ಬಂದರೆ ಮುಂದಿನ ಮಾತು.

ಹಿಂದಕ್ಕೆ ಬಂದ ಪಿಡಿಎಫ್

ಹೀಗೆ ಸುತ್ತಿ ಬಂದು ಉಚಿತವಾದ ಲಿಬ್ರೆಆಫೀಸ್ ರೈಟರ್‌ನಲ್ಲೇ ಮೊದಲ ಅಧ್ಯಾಯ ಜೋಡಿಸಿ ಮುದ್ರಣಾಲಯಕ್ಕೆ ಕಳಿಸಿದರು. ಎರಡೇ ದಿನದಲ್ಲಿ ಹಿಂದಕ್ಕೆ ಬಂತು. ರೈಟರ್ ತಯಾರಿಸುವ ಪಿಡಿಎಫ್‌ನಲ್ಲಿ ಕಪ್ಪು ಎಂದರೆ ಪರದೆಯ ಕಪ್ಪು, ಕೆಂಪು-ಹಸಿರು-ನೀಲಿ ಮೂರೂ ಸೊನ್ನೆ. ಅಚ್ಚಿನ ಪ್ಲೇಟು ಮಾಡುವ ಯಂತ್ರ ಅದನ್ನು ಬಣ್ಣದ ಮುದ್ರಣದ ನಾಲ್ಕು ಶಾಯಿಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಒಡೆಯುತ್ತದೆ. ಒಂದೇ ಬಣ್ಣದಲ್ಲಿ ಅಚ್ಚಾಗಬೇಕಾದ ಪುಟಕ್ಕೆ ನಾಲ್ಕು ಪ್ಲೇಟು. ನಾಲ್ಕೂ ಹಾಕಿ ಅಚ್ಚು ಮಾಡಿದರೂ ಕೂದಲೆಳೆಯಷ್ಟು ಸರಿದರೆ ಅಕ್ಷರದ ಅಂಚಿನಲ್ಲಿ ಬಣ್ಣದ ಮಂಜು.

ಸೋಲು ಎನಿಸಿದ ಆ ಹಿಂಬರಹವೇ ಎರಡನೆಯ ತಿರುವಾಯಿತು. ಅಲ್ಲಿಯವರೆಗೆ ಪ್ರಶ್ನೆ ‘ಯಾವ ವೃತ್ತಿಪರ ತಂತ್ರಾಂಶ ಬೇಕು’ ಎಂಬುದಾಗಿತ್ತು. ಈಗ ‘ಮುದ್ರಣಾಲಯಕ್ಕೆ ನಿಖರವಾಗಿ ಏನು ಬೇಕು’ ಎಂದು ಕೇಳಿದರು. ಉತ್ತರ ಒಂದು ಚೀಟಿಯಲ್ಲಿ ಹಿಡಿಸಿತು: ಡೆಮಿ 1/8 ಆಕಾರ, ಅಂದರೆ ಐದೂವರೆ ಎಂಟೂವರೆ ಅಂಗುಲ, ಒಳಪುಟ ಒಂದೇ ಬಣ್ಣ, ಪಠ್ಯ 100% ಕಪ್ಪು ಶಾಯಿ ಮಾತ್ರ, ಚಿತ್ರಗಳು ಬೂದುಛಾಯೆಯಲ್ಲಿ, 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ), ಫಾಂಟುಗಳು ಒಳಸೇರಿದ, ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-1ಎ ರೂಪ, ಒಟ್ಟು ಪುಟ 16ರ ಗುಣಕದಲ್ಲಿ, ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ. ನಾಲ್ಕು ಬಣ್ಣದ ವ್ಯವಹಾರ ಮುಖಪುಟಕ್ಕೆ ಮಾತ್ರ. ದುಬಾರಿ ತಂತ್ರಾಂಶದ ನೂರು ಸೌಲಭ್ಯಗಳಲ್ಲಿ ಈ ಪುಸ್ತಕಕ್ಕೆ ಬೇಕಿದ್ದುದು ಐದಾರು. ಅವು ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶದಲ್ಲಿದ್ದವು.

ಸ್ಕ್ರೈಬಸ್ ಬಗ್ಗೆ ಕನ್ನಡಿಗರಲ್ಲಿ ಹಳೆಯ ದೂರು ಒಂದಿದೆ, ಕನ್ನಡ ಮೂಡುವುದಿಲ್ಲ ಎಂದು. ಅದು 1.4ರ ಕಾಲದ ಮಾತು. 2017ರ 1.5.3ರಿಂದ ಅದು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಎಂಜಿನ್ ಬಳಸುತ್ತಿದೆ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡ ಸರಿಯಾಗಿ ಕಾಣುವುದೂ ಅದರಿಂದಲೇ. 2024ರ ಜನವರಿಯಲ್ಲಿ ಸ್ಥಿರ ಆವೃತ್ತಿ 1.6 ಬಂತು, ಮೇಷ್ಟ್ರು ಹಿಡಿದದ್ದು ಅದನ್ನೇ.

ಕೆಲಸ ನಡೆದ ಬಗೆ

ಹೆಚ್ಚು ಸಮಯ ತಿಂದದ್ದು ಪುಟ ಜೋಡಣೆಯಲ್ಲ, ಹಳೆಯ ಪಠ್ಯವನ್ನು ಯುನಿಕೋಡಿಗೆ ತಂದದ್ದು. ಪರಿವರ್ತಕಗಳು ಉಚಿತವಾಗಿವೆ, ನೂರು ಪುಟವನ್ನು ಕ್ಷಣದಲ್ಲಿ ಬದಲಿಸುತ್ತವೆ. ತೊಡಕು ಆಮೇಲಿನದು.

ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ನುಡಿ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಇದಕ್ಕೊಂದು ಸರಳ ಉಪಾಯ: ಪರಿವರ್ತಿಸುವ ಮೊದಲು ಪ್ರತಿ ಇಂಗ್ಲಿಷ್ ತುಣುಕಿನ ಜಾಗದಲ್ಲಿ 9001, 9002 ಎಂದು ಅಂಕಿ ಹಾಕಿ, ಯಾವ ಅಂಕಿಗೆ ಯಾವ ಪದವೆಂದು ಬೇರೆ ಹಾಳೆಯಲ್ಲಿ ಬರೆದುಕೊಳ್ಳುವುದು. ಅಂಕಿಗಳು ಕೆಡದೆ ಹಾದುಹೋಗುತ್ತವೆ, ಆಮೇಲೆ ಹುಡುಕಿ ಮರಳಿ ತುಂಬಬಹುದು.

ಇನ್ನೊಂದು ‘ಹೆಡ್‌ಮಾಸ್ತರ್’, ‘ಪೋಸ್ಟ್‌ಮ್ಯಾನ್’ ಬಗೆಯ ಪದಗಳದು. ಯುನಿಕೋಡಿನಲ್ಲಿ ಅರ್ಧಾಕ್ಷರದ ನಂತರ ಕಾಣದ ಒಂದು ತಡೆಗುರುತು ಇರದಿದ್ದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ, ‘ಹೆಡ್ಮಾಸ್ತರ್’ ಆಗುತ್ತದೆ. ಇಂಥವನ್ನು ಪಟ್ಟಿ ಮಾಡಿ ಒಟ್ಟಿಗೆ ಬದಲಿಸಬೇಕು, ಕಣ್ಣಿಗೆ ಬಿದ್ದಲ್ಲಿ ಒಂದೊಂದಾಗಿ ತಿದ್ದುತ್ತ ಹೋದರೆ ಹತ್ತಾದರೂ ಉಳಿದುಬಿಡುತ್ತವೆ. ಎಲ್ಲಕ್ಕಿಂತ ಕಳ್ಳ ದೋಷ ಸೊನ್ನೆಯದು. ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರೆ ಎರಡೂ ಒಂದೇ ರೀತಿ ಕಾಣುತ್ತವೆ, ಕರಡು ತಿದ್ದುವವರಿಗೆ ಹೊಳೆಯುವುದೇ ಇಲ್ಲ. ಆದರೆ ‘ಬಂದರು’ ಎಂದು ಹುಡುಕಿದರೆ ಅದು ಸಿಗದು. ಅಕ್ಷರದ ಪಕ್ಕದಲ್ಲಿ ಅಂಟಿಕೊಂಡ ಸೊನ್ನೆಗಳನ್ನು ಹುಡುಕಿ ತೆಗೆಯುವುದೊಂದೇ ದಾರಿ. ಮೇಷ್ಟ್ರ ಒಂದು ಕಡತದಲ್ಲಿ, ಬೇರೆ ಯಾರೋ ಟೈಪ್ ಮಾಡಿಕೊಟ್ಟದ್ದರಲ್ಲಿ, ಪ್ರತಿ ಪುಟದಲ್ಲೂ ಇಂಥವಿದ್ದವು.

ಶುದ್ಧವಾದ ಪಠ್ಯಕ್ಕೆ ಲಿಬ್ರೆಆಫೀಸ್‌ನಲ್ಲಿ ಶೈಲಿಗಳನ್ನು ಹಚ್ಚಿದರು: ಶೀರ್ಷಿಕೆ, ಒಡಲು, ಹಾಡು, ಟಿಪ್ಪಣಿ. ಇಲ್ಲಿ ಹೊಸಬರೆಲ್ಲ ಎಡವುವ ಒಂದು ಕಲ್ಲಿದೆ. ಲಿಬ್ರೆಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ, ಆ ಗುಂಪಿನ ಫಾಂಟು ಬೇರೆಯೇ. ಭಾಷೆಯ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯನ್ನು ಚಾಲೂ ಮಾಡಿ, ಶೈಲಿಯಲ್ಲಿ ಅದರ ಪಾಲಿನ ಫಾಂಟನ್ನು ಬದಲಿಸಬೇಕು. ಇಲ್ಲದಿದ್ದರೆ ಅಳತೆ ಎಷ್ಟು ಬದಲಿಸಿದರೂ ಕನ್ನಡ ಅಲ್ಲಾಡದು.

ಸ್ಕ್ರೈಬಸ್‌ನಲ್ಲಿ ಪಠ್ಯ ಪುಟದಿಂದ ಪುಟಕ್ಕೆ ಹರಿಯುವಂತೆ 192 ಪುಟವನ್ನೂ ಒಂದೇ ಕಡತದಲ್ಲಿ ಸರಪಳಿ ಹಾಕಿದಾಗ ಒಂದಕ್ಷರ ತಿದ್ದಿದರೆ ಅರ್ಧ ನಿಮಿಷ ಸ್ತಬ್ಧ. ಉದ್ದದ ಪಠ್ಯದ ಸರಪಳಿ ಅದರ ನಿಜವಾದ ದುರ್ಬಲ ಜಾಗ. ಅಧ್ಯಾಯಕ್ಕೊಂದು ಕಡತ ಮಾಡಿ, ಪ್ರತಿಯೊಂದರಲ್ಲೂ ವಿಭಾಗದ ಆರಂಭದ ಪುಟಸಂಖ್ಯೆ ಕೊಟ್ಟ ಮೇಲೆ ಕೆಲಸ ಹಗುರಾಯಿತು. ಲ್ಯಾಪ್‌ಟಾಪಿಗೆ 1,600 ರೂಪಾಯಿ ಕೊಟ್ಟು ರ‍್ಯಾಮ್ 8 ಜಿಬಿ ಮಾಡಿಸಿದ್ದೂ ಆಗಲೇ.

ಫಾಂಟು ನೋಟೊ ಸೆರಿಫ್ ಕನ್ನಡ, ಮುಕ್ತ ಪರವಾನಗಿಯದು, ಅಚ್ಚಿಗೂ ಪಿಡಿಎಫ್‌ಗೂ ಯಾರ ಅಪ್ಪಣೆಯೂ ಬೇಡ. ಅಳತೆ 11 ಪಾಯಿಂಟ್, ಸಾಲಿನಿಂದ ಸಾಲಿಗೆ 17 ಪಾಯಿಂಟ್. ಇಂಗ್ಲಿಷ್ ಪುಸ್ತಕದ ಅಂದಾಜಿನಲ್ಲಿ 14 ಇಟ್ಟಾಗ ‘ರಾಷ್ಟ್ರ’ದ ಒತ್ತು ಕೆಳಸಾಲಿನ ‘ಕೀ’ಯ ಗುಡಿಸಿಗೆ ತಾಗಿತ್ತು. ಪುಟಕ್ಕೆ 29 ಸಾಲು ಬಂತು. ಎರಡೂ ಅಂಚು ಸಮ ಮಾಡಿದಾಗ ಉದ್ದುದ್ದ ಪದಗಳಿಂದಾಗಿ ಸಾಲಿನ ನಡುವೆ ಬಿಳಿ ಹೊಂಡಗಳು ಬಿದ್ದವು. ಪದಗಳ ನಡುವಿನ ಕನಿಷ್ಠ ಜಾಗವನ್ನು 85%ಕ್ಕೆ ಇಳಿಸಿ, ಅಕ್ಷರ ಹಿಗ್ಗುವುದನ್ನು 98ರಿಂದ 102%ರ ಒಳಗೆ ಬಿಟ್ಟು, ಉಳಿದ ಕಡೆ ‘ಮಾಡಬೇಕಾಗಿತ್ತೆಂದು’ ಎಂಬಂಥ ಪದಗಳಲ್ಲಿ ಕೈಯಿಂದಲೇ ಮೃದು ಅಡ್ಡಗೆರೆ ಸೇರಿಸಿದರು. ಹಾಡುಗಳನ್ನು ಎಡಕ್ಕೇ ಸಮ ಮಾಡಿದರು. ಪದ್ಯದ ಸಾಲನ್ನು ಎಳೆದು ಅಂಚಿಗೆ ಮುಟ್ಟಿಸುವುದು ಹಾಡಿಗೆ ಮಾಡುವ ಅನ್ಯಾಯ.

ಫೋಟೊಗಳಲ್ಲಿ ಹೆಚ್ಚಿನವು ಅಂಗೈಗಿಂತ ಚಿಕ್ಕವು. ಎರಡು ಪಟ್ಟು ದೊಡ್ಡದಾಗಿಸಿ 300 ಡಿಪಿಐ ಉಳಿಯಬೇಕಾದರೆ ಸ್ಕ್ಯಾನ್ 600ರಲ್ಲಿ ಆಗಬೇಕು. ಜಿಂಪ್ ಎಂಬ ಉಚಿತ ಚಿತ್ರ ಸಂಪಾದಕದಲ್ಲಿ ಗೀರು, ಗೆದ್ದಲು ತಿಂದ ಜಾಗ ತುಂಬಿ, ಬೂದುಛಾಯೆಗೆ ತಂದು, 0ಯಿಂದ 255ರ ಅಳತೆಯಲ್ಲಿ ಕಡುಗಪ್ಪನ್ನು 10ಕ್ಕೂ ಬಿಳುಪನ್ನು 245ಕ್ಕೂ ಕಟ್ಟಿಹಾಕಿದರು. ಮ್ಯಾಪ್‌ಲಿಥೋ ಕಾಗದ ಶಾಯಿ ಹೀರಿ ಚುಕ್ಕೆಗಳು ಹರಡುತ್ತವೆ. ಪರದೆಯಲ್ಲಿ ಚೆನ್ನಾಗಿ ಕಂಡ ನೆರಳು ಅಚ್ಚಿನಲ್ಲಿ ಮಸಿಯ ಮುದ್ದೆಯಾಗುತ್ತದೆ. ಜಿಂಪ್‌ಗೆ ನಾಲ್ಕು ಶಾಯಿಯ ಕೆಲಸ ಬರದು ಎಂಬ ದೂರು ಈ ಪುಸ್ತಕದ ಒಳಪುಟಗಳಿಗೆ ಅನ್ವಯಿಸಲೇ ಇಲ್ಲ.

ಕೊನೆಯ ಪಿಡಿಎಫ್ ಹೊರತರುವಾಗ ಎರಡು ಸಲ ಕೈ ಸೋತರು. ಪಿಡಿಎಫ್/ಎಕ್ಸ್ ಆಯ್ಕೆಗಳೇ ಮಸುಕಾಗಿದ್ದವು. ಗಣಕದಲ್ಲಿ ಮುದ್ರಣದ ಬಣ್ಣದ ಪ್ರೊಫೈಲ್ (ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಡತ) ಹಾಕಿ, ಬಣ್ಣ ನಿರ್ವಹಣೆ ಚಾಲೂ ಮಾಡಿದ ಮೇಲೆ ತೆರೆದುಕೊಂಡವು. ಆಮೇಲೆ ಉಳಿಸುವ ಗುಂಡಿ ಒತ್ತಲಾಗಲಿಲ್ಲ. ಪ್ರಿಪ್ರೆಸ್ ಪುಟದಲ್ಲಿ ಮಾಹಿತಿ ಎಂಬ ಖಾಲಿ ಚೌಕವಿದೆ, ಅದರಲ್ಲಿ ಪುಸ್ತಕದ ಹೆಸರನ್ನಾದರೂ ಬರೆಯಬೇಕು. ಬರೆದರೆ ಗುಂಡಿ ಬದುಕುತ್ತದೆ. ಇನ್ನು ಕಪ್ಪು: ಆಮದಾದ ಪಠ್ಯದ ಜೊತೆ ಪರದೆಯ ಕಪ್ಪೂ ಬೇರೆ ಹೆಸರಿನಲ್ಲಿ ಬಂದು ಬಣ್ಣಗಳ ಪಟ್ಟಿಯಲ್ಲಿ ಕೂತಿರುತ್ತದೆ. ಅದನ್ನು ಅಳಿಸಲು ಹೋದರೆ ಬದಲಿಗೆ ಯಾವುದು ಎಂದು ಸ್ಕ್ರೈಬಸ್ ಕೇಳುತ್ತದೆ, ಅದರದೇ ಕಪ್ಪನ್ನು ಆರಿಸಿದರೆ ಇಡೀ ಕಡತ ಸರಿಹೋಗುತ್ತದೆ. ಮುದ್ರಣದ ಮುನ್ನೋಟದಲ್ಲಿ ಪ್ಲೇಟುಗಳನ್ನು ಒಂದೊಂದಾಗಿ ನೋಡಿ, ಕಪ್ಪು ಬಿಟ್ಟು ಉಳಿದ ಮೂರೂ ಖಾಲಿ ಇವೆಯೆಂದು ಖಾತ್ರಿ ಮಾಡಿಕೊಂಡು ಕಳಿಸಿದರು. ವಿಂಡೋಸ್‌ನಲ್ಲಿ ಈ ಮುನ್ನೋಟಕ್ಕೆ ಗೋಸ್ಟ್‌ಸ್ಕ್ರಿಪ್ಟ್ ಹಾಕಿರಬೇಕು, ಅದೂ ಉಚಿತ.

ಮುಖಪುಟಕ್ಕೆ ಮಾತ್ರ ಹಟ ಮಾಡಲಿಲ್ಲ. ನಾಲ್ಕು ಬಣ್ಣ, ಬೆನ್ನಿನ ದಪ್ಪ, ಲ್ಯಾಮಿನೇಶನ್ ತಿಳಿದ ಒಬ್ಬ ವಿನ್ಯಾಸಕಾರರಿಗೆ 2,500 ರೂಪಾಯಿ ಕೊಟ್ಟರು. ಪುಟಸಂಖ್ಯೆ ನಿಶ್ಚಯವಾಗುವವರೆಗೆ ಅವರು ಕೆಲಸ ಶುರು ಮಾಡಲಿಲ್ಲ: 96 ಹಾಳೆಗೆ ಬೆನ್ನು ಸುಮಾರು 9 ಮಿಲಿಮೀಟರ್, 16 ಪುಟ ಹೆಚ್ಚಾದರೂ ಬೆನ್ನಿನ ಅಕ್ಷರ ಪಕ್ಕಕ್ಕೆ ಸರಿಯುತ್ತದೆ. ಪರಿಣತಿಯನ್ನೂ ಪರವಾನಗಿಯನ್ನೂ ಒಟ್ಟಿಗೆ ಒಂದು ದಿನದ ಮಟ್ಟಿಗೆ ಕೊಂಡದ್ದು ಈ ಪ್ರಕರಣದ ಅತ್ಯಂತ ಬುದ್ಧಿವಂತ ಖರ್ಚು.

ಲೆಕ್ಕ ಏನು ಹೇಳುತ್ತದೆ

ವಿಂಡೋಸ್ ಮರುಹೊಂದಿಕೆ 500, ರ‍್ಯಾಮ್ 1,600, ಪ್ರತಿ ತೆಗೆದಿಡಲು 1 ಟಿಬಿ ಡಿಸ್ಕು 3,800, ಎರಡು ಸುತ್ತು ಕರಡಿನ ಪ್ರಿಂಟು 768, ಮುಖಪುಟ 2,500. ಒಟ್ಟು 9,168 ರೂಪಾಯಿ. ತಂತ್ರಾಂಶಕ್ಕೆ ಸೊನ್ನೆ. ಕಳ್ಳಪ್ರತಿಗೆ ಕೊಟ್ಟ 800 ಇದರಲ್ಲಿಲ್ಲ.

ಈ ಮೊತ್ತ ಡಿಟಿಪಿ ಕೇಂದ್ರ ಕೇಳಿದ 7,680ಕ್ಕಿಂತ ಹೆಚ್ಚು, ಮೇಲೆ 130 ತಾಸಿನ ಸ್ವಂತ ಶ್ರಮ. ಇದನ್ನು ಮುಚ್ಚಿಟ್ಟು ‘ಉಚಿತ ತಂತ್ರಾಂಶದಿಂದ ಹಣ ಉಳಿಯಿತು’ ಎಂದು ಬರೆದರೆ ಸುಳ್ಳಾಗುತ್ತದೆ. ಬದುಕಿನಲ್ಲಿ ಒಂದೇ ಪುಸ್ತಕ, ಮತ್ತೆ ತಿದ್ದುವ ಮಾತಿಲ್ಲ, ಪಠ್ಯ ಕೈಯಲ್ಲಿ ಬೇಡ ಎನ್ನುವವರಿಗೆ ಡಿಟಿಪಿ ಕೇಂದ್ರವೇ ಸರಿ. ಯುನಿಕೋಡಿನಲ್ಲಿ ಜೋಡಿಸಿ ಮೂಲ ಕಡತ ಕೊಡುತ್ತೀರಾ ಎಂದು ಮೊದಲೇ ಕೇಳಿ, ಒಪ್ಪಿದರೆ ಇನ್ನೂ ಒಳ್ಳೆಯದು. ಮೇಷ್ಟ್ರಿಗೆ ದಕ್ಕಿದ್ದು ಬೇರೆ: ಇಪ್ಪತ್ತು ವರ್ಷದ ಪಠ್ಯ ಯುನಿಕೋಡಿನಲ್ಲಿ, ಅವರದೇ ಡಿಸ್ಕಿನಲ್ಲಿ, ಯಾರ ಚಂದಾ ಮುಗಿದರೂ ತೆರೆಯುವ ರೂಪದಲ್ಲಿ ಉಳಿಯಿತು. ಅದೇ ಕಡತಗಳಿಂದ ಲಿಬ್ರೆಆಫೀಸ್ ಇ-ಪಬ್ ಎಂಬ ಇ-ಪುಸ್ತಕದ ರೂಪ ತೆಗೆದುಕೊಟ್ಟಿತು, ಮೊಮ್ಮಗಳು ಮೊಬೈಲಿನಲ್ಲಿ ಓದಿದಳು.

ಕ್ರಮ ಬದಲಾಗಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಮುದ್ರಣಾಲಯದ ಚೀಟಿ ಮೊದಲ ವಾರವೇ ಸಿಗಬೇಕಿತ್ತು. ಅದು ಕೈಯಲ್ಲಿದ್ದರೆ ಇನ್‌ಡಿಸೈನ್, ಅಫಿನಿಟಿಗಳ ಪ್ರಶ್ನೆಯೇ ಏಳುತ್ತಿರಲಿಲ್ಲ. ಡಿಸ್ಕು ಕೊಳ್ಳುವುದು ಎಲ್ಲಕ್ಕಿಂತ ಮೊದಲು ಆಗಬೇಕಿತ್ತು, ಕಡತ ಕಳೆದ ಮೇಲಲ್ಲ. ತಂತ್ರಾಂಶದ ದರವನ್ನು ತಿಂಗಳಿಗೆ ಎಷ್ಟೆಂದು ನೋಡದೆ, ತಾವು ಬಳಸುವ ತಾಸಿಗೆ ಎಷ್ಟೆಂದು ಮೊದಲ ದಿನವೇ ಭಾಗಿಸಬೇಕಿತ್ತು.

ಮೊದಲ 500 ಪ್ರತಿ ಖಾಲಿಯಾಗಿ ಮತ್ತೆ 300 ಹಾಕಿಸುವಾಗ, ಪದ ಹಾಡಿದ ಒಬ್ಬ ಅಜ್ಜಿ ಒಂದು ಅಂಟಿಕೆ-ಪಂಟಿಕೆ ಪದದಲ್ಲಿ ಎರಡು ಸಾಲು ಹಿಂದುಮುಂದಾಗಿದೆ ಎಂದು ತೋರಿಸಿದರು. ಮೇಷ್ಟ್ರು ಒಂಬತ್ತನೆಯ ಅಧ್ಯಾಯದ ಕಡತ ತೆರೆದು ಇಪ್ಪತ್ತು ನಿಮಿಷದಲ್ಲಿ ತಿದ್ದಿ, ಆ 16 ಪುಟಗಳ ಪಿಡಿಎಫ್ ಮಾತ್ರ ಕಳಿಸಿದರು. ಮುದ್ರಣಾಲಯ 16 ಪುಟದ ಆ ಒಂದು ಫಾರಂಗೆ ಹೊಸ ಪ್ಲೇಟು ಮಾಡಿಕೊಂಡು, ಉಳಿದ 11 ಫಾರಂಗಳನ್ನು ಹಳೆಯ ಪ್ಲೇಟಿನಲ್ಲೇ ಅಚ್ಚು ಹಾಕಿತು.